ಬಂಡೆಗೆ ಬಿದ್ದ ಗುಂಡು

ಮಾವನ ರೈಫಲ್ಲಿನ ಕಾಡತೂಸನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಮೊದಲು ತಿಳಿಯುವುದು ಅದರ ಭಾರ. ಬೆರಳುದ್ದದ ಹಿತ್ತಾಳೆ ಕೊಳವೆ, ತಳದಲ್ಲಿ ಉಬ್ಬಿದ ಅಂಚು, ತುದಿಯಲ್ಲಿ ಮೊಂಡು ಮೂತಿಯ ಗುಂಡು. ಊರಲ್ಲಿ ಅದಕ್ಕೆ 'ತ್ರೀ ಫಿಫ್ಟೀನ್' ಎನ್ನುತ್ತಾರೆ. ಎಂಟು ಮಿಲಿಮೀಟರ್ ಅಡ್ಡಳತೆಯನ್ನು ಇಂಚಿನಲ್ಲಿ ಹೇಳಿದ ಹೆಸರು. ಆಸ್ಟ್ರಿಯಾದ ಸೈನ್ಯಕ್ಕೆಂದು ಹುಟ್ಟಿದ ಅಳತೆ ಇದು. ತಮ್ಮ ಸೈನ್ಯದ ಮದ್ದುಗುಂಡು ಇಲ್ಲಿ ಜನರ ಕೈಗೆ ಸಿಗಬಾರದೆಂದು ಬ್ರಿಟಿಷರು ನಿರ್ಬಂಧ ಹಾಕಿದ್ದರಿಂದ ಈ ಪರದೇಶಿಗೆ ಶಿಕಾರಿಯವರ ಬಂದೂಕಿನಲ್ಲಿ ಜಾಗ ಸಿಕ್ಕಿತು. ಹುಟ್ಟಿದ ಕಡೆ ಮರೆತರೂ ನಮ್ಮ ಸರ್ಕಾರಿ ಕಾರ್ಖಾನೆಗಳು ಕೈಬಿಡಲಿಲ್ಲ. ದೂರ ಹೋದರೆ ಬೇಗ ಬಾಗುತ್ತದೆ, ವೇಗವೂ ಸಾಧಾರಣ. ಆದರೆ ಹತ್ತಿರದಲ್ಲಿ ಇಟ್ಟ ಗುರಿಗೆ ಹೋಗುತ್ತದೆ, ಹೊಕ್ಕರೆ ಆಳಕ್ಕೆ ಹೋಗುತ್ತದೆ. ಭೌತಶಾಸ್ತ್ರ ಓದಿದ ನಾನು ಕಂಡ ಯಂತ್ರಗಳಲ್ಲಿ ಇಷ್ಟು ಕಡಿಮೆ ಸುಳ್ಳು ಹೇಳುವಂಥದ್ದು ಅಪರೂಪ.

ನನ್ನ ನೆನಪಿನ ಬಗ್ಗೆ ಹಾಗೆ ಹೇಳಲಾರೆ.

ನನ್ನ ಸೋದರಮಾವ ಪಾಪಿನಾಯಕನಹಳ್ಳಿಯಲ್ಲಿ ಶೇಂಗಾ ಬೆಳೆಯುತ್ತಿದ್ದ. ಹೊಲಕ್ಕೆ ನುಗ್ಗುವ ಕಾಡುಹಂದಿ ಓಡಿಸಲು ಲೈಸೆನ್ಸ್ ಪಡೆದ ರೈಫಲ್. ನಾನು ಎಂ.ಎಸ್ಸಿ. ರಜೆಯಲ್ಲಿ ಅಲ್ಲಿದ್ದಾಗ ಒಂದು ಸಂಜೆ ಗುಡ್ಡದಿಂದ ಕರಡಿ ಇಳಿದು ಹೊಲದಲ್ಲಿ ಅತ್ತೆಗೆ ಎದುರಾಯಿತು. ಮಾವ ಒಂದೇ ಗುಂಡು ಹಾರಿಸಿದ. ಅದು ಪಕ್ಕದ ಬಂಡೆಗೆ ಬಿತ್ತು, ಕರಡಿ ಓಡಿತು. ಬಂಡೆಗೇ ಗುರಿಯಿಟ್ಟೆ ಎಂದು ಮಾವ. ಕರಡಿಗಿಟ್ಟ ಗುರಿ ತಪ್ಪಿತು ಎಂದು ಅತ್ತೆ. ಅಂದಿನಿಂದ ಆಯುಧ ಪೂಜೆಯಲ್ಲಿ ಅತ್ತೆ ಕುಡುಗೋಲಿಗೆ, ನೇಗಿಲಿಗೆ, ಪಂಪ್‌ಸೆಟ್ಟಿಗೂ ವಿಭೂತಿ ಹಚ್ಚಿ ರೈಫಲ್ಲನ್ನು ಮಾತ್ರ ಬಿಟ್ಟುಬಿಡುತ್ತಿದ್ದಳು.

ಈ ವರ್ಷ ಕಣ್ಣು ಮಂದವಾಗಿ ಮಾವ ರೈಫಲ್ಲನ್ನು ಠಾಣೆಗೆ ಒಪ್ಪಿಸಲು ಹೊರಟ. ಅದು ಮನೆ ಬಿಡುವ ಮುನ್ನ ಗುರಿ ತಪ್ಪಿರಲಿಲ್ಲ ಎಂಬ ಒಂದು ಮಾತು ಹೆಂಡತಿಯ ಬಾಯಿಂದ ಬೇಕಿತ್ತು ಅವನಿಗೆ. ಸಾಕ್ಷಿಗೆ ನನ್ನನ್ನು ಕರೆಸಿದ.

"ಅಳಿಯಾ, ನೀನ ಹೇಳಪಾ. ನಾ ಎಲ್ಲಿ ಗುರಿ ಇಟ್ಟಿದ್ದೆ?"

"ಅವಂಗ ಏನ್ ಕೇಳ್ತೀರಿ," ಎಂದಳು ಅತ್ತೆ. "ಅವತ್ತು ಬೇವಿನ ಗಿಡದ ಹಿಂದ ಕಣ್ಣು ಮುಚ್ಚಿ ನಿಂತಿದ್ದ."

ಕಣ್ಣು ತೆರೆದಿತ್ತೆಂದೇ ನನ್ನ ನೆನಪು. ಆದರೆ ಆಣೆ ಮಾಡಲಾರೆ. ಹೊಲಕ್ಕೇ ಹೋಗಿ ನೋಡೋಣ ಎಂದೆ.

ಬಂಡೆಯ ಮೇಲೆ ತಟ್ಟೆಯಂತೆ ಚಕ್ಕೆ ಎದ್ದ ಗುರುತು ಇತ್ತು. ನನ್ನ ನೆನಪಿನಲ್ಲಿ ಅದು ಹೊಲದ ಆಚೆ ತುದಿಯಲ್ಲಿತ್ತು. ನಿಜದಲ್ಲಿ ಮಾವ ನಿಂತ ಬೇವಿನ ಗಿಡದಿಂದ ಕಲ್ಲೆಸೆದರೆ ತಲುಪುವಷ್ಟು ಹತ್ತಿರ. ಕರಡಿ ನಿಂತ ಜಾಗ ಗುರುತಿನಿಂದ ಮಾರು ದೂರ.

"ಇಷ್ಟು ಹತ್ತಿರದಾಗ ಈ ಗುಂಡು ಮಾರುದ್ದ ತಪ್ಪಂಗಿಲ್ಲ," ಎಂದೆ.

"ಗುಂಡು ತಪ್ಪಿಲ್ಲಪಾ, ಕೈ ತಪ್ಪೇತಿ," ಎಂದಳು ಅತ್ತೆ.

ಮಾವನನ್ನು ಗಿಡದಡಿ ನಿಲ್ಲಿಸಿ, ಅತ್ತೆಗೆ ಅವತ್ತಿನ ಜಾಗದಲ್ಲಿ ನಿಲ್ಲಲು ಹೇಳಿ, ನಾನು ಕರಡಿಯ ಜಾಗದಲ್ಲಿ ನಿಂತೆ.

"ಕರಡಿ ಬರೋಬ್ಬರಿ ಐತಿ," ಎಂದಳು ಅತ್ತೆ.

ನಗುತ್ತಾ ಮಾವನ ಕಡೆ ತಿರುಗಿದೆ. ನನ್ನ ಮುಂದೆ ಮಾವ, ಬೆನ್ನ ಹಿಂದೆ ನೇರಕ್ಕೆ ಅತ್ತೆ. ಮೂವರೂ ಒಂದೇ ಗೆರೆಯಲ್ಲಿದ್ದೆವು.

ಮಾವ ನೆಲ ನೋಡುತ್ತಾ ಹೇಳಿದ: "ಆ ಗುಂಡು ಕರಡಿ ಒಳಗ ನಿಲ್ತದಂತ ನನಗ ನಂಬಿಕಿ ಇರಲಿಲ್ಲ. ಹಿಂದ ನೀ ಇದ್ದಿ."

"ಇಷ್ಟ್ ವರ್ಷ ಯಾಕ ಹೇಳಲಿಲ್ಲ?" ಎಂದಳು ಅತ್ತೆ.

"ನಿನ್ನ ಕಡೆ ಬಂದೂಕು ಹಿಡದಿದ್ದೆ ಅಂತ ಹೆಂಗ ಹೇಳ್ಲಿ?"

ಆ ಕ್ಷಣದಲ್ಲಿ ಅಷ್ಟೆಲ್ಲ ಯೋಚಿಸಲು ಸಾಧ್ಯವೇ ಎಂಬ ಅನುಮಾನ ನನಗೆ ಈಗಲೂ ಇದೆ. ಆದರೆ ತನ್ನ ಕಾಡತೂಸಿನ ಬಲವನ್ನು ಬಲ್ಲವನು ಮಾತ್ರ ಅದನ್ನು ಬಂಡೆಗೆ ಕೊಟ್ಟಾನು.

ಅತ್ತೆ ನಮಗಿಂತ ಮುಂದಾಗಿ ಮನೆಗೆ ನಡೆದಳು. ನಾವು ಹೋಗುವಷ್ಟರಲ್ಲಿ ರೈಫಲ್ಲಿನ ಮರದ ಹಿಡಿಗೆ ವಿಭೂತಿ ಬಿದ್ದಿತ್ತು.

ಹೊಸಪೇಟೆಯ ಠಾಣೆಯಲ್ಲಿ ಪೇದೆ ಅದನ್ನು ತಿರುಗಿಸಿ ನೋಡಿದ. "ಇದೇನ್ರಿ ಯಜಮಾನ್ರ, ಹಬ್ಬ ಇನ್ನೂ ಭಾಳ ದೂರ ಐತಲ್ಲ?"

"ಒರಸಬ್ಯಾಡ್ರಿ," ಎಂದ ಮಾವ. "ಹಂಗ ಇರ್ಲಿ."