ಕೆಂಪು ಚುಕ್ಕಿ

ತಿಪಟೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು ರಕ್ತ ಪರೀಕ್ಷೆ ಮಾಡುವವಳು. ಮೊದಲೆಲ್ಲ ರಿಪೋರ್ಟಿನ ಚೀಟಿಯನ್ನು ರೋಗಿಯ ಕಡೆಯವರೇ ಕಿಟಕಿಯಲ್ಲಿ ಈಸಿಕೊಂಡು ವಾರ್ಡಿಗೆ ಓಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಚೀಟಿ ನಿಂತಿತು. ನಾನು ಇಲ್ಲಿ ರಿಪೋರ್ಟು ಹಾಕಿದರೆ ಮೇಲಿನ ವಾರ್ಡಿನ ಕಂಪ್ಯೂಟರಿನಲ್ಲಿ ಕಾಣುತ್ತದೆ. ಅಲ್ಲಿ ಯಾರೂ ತೆರೆದು ನೋಡದಿದ್ದರೆ ನನ್ನ ಪರದೆಯಲ್ಲಿ ರೋಗಿಯ ಹೆಸರಿನ ಮುಂದೆ ಕೆಂಪು ಚುಕ್ಕಿ, ನೋಡಿದರೆ ಹಸಿರು. ಆ ಚುಕ್ಕಿ ನನಗೆ ಕಾಣುವ ಹಾಗೆ ಮಾಡಿದ ಪುಣ್ಯಾತ್ಮನನ್ನು ಎಷ್ಟು ಸಲ ಶಪಿಸಿದ್ದೇನೋ.

ಆವತ್ತು ಬೆಳಿಗ್ಗೆ ದಬ್ಬೇಘಟ್ಟದ ಕಡೆಯ ರೈತರೊಬ್ಬರು ಹೆಂಡತಿಯ ರಕ್ತದ ಟ್ಯೂಬ್ ತಂದುಕೊಟ್ಟರು. ಆಕೆ ಕಿಡ್ನಿ ಸೋತು, ಕಾಲು ಊದಿಕೊಂಡು ಮೇಲಿನ ವಾರ್ಡಿನಲ್ಲಿ ಮಲಗಿದ್ದಳು. ಇವರ ಕೈಯಲ್ಲಿ ಒಂದು ಚೀಲ, ಒಳಗೆ ಸ್ವಂತ ತೋಟದ ಎಳನೀರು. ನಮ್ಮ ಕಡೆ ಜ್ವರಕ್ಕೂ ಎಳನೀರು, ಬಾಣಂತಿಯನ್ನು ನೋಡಲು ಬಂದರೂ ಎಳನೀರು. ನೋಡಿ ನೋಡಿ ಕಣ್ಣಿಗೆ ರೂಢಿಯಾಗಿತ್ತು, ನಾನು ಏನೂ ಹೇಳಲಿಲ್ಲ.

“ಚೀಟಿಗೆ ಎಷ್ಟೊತ್ತು ಕಾಯ್ಲಿ ಅಕ್ಕಾ?”

“ಚೀಟಿ ಇಲ್ಲ ಕಣಣ್ಣ. ಡಾಕ್ಟ್ರು ಕಂಪ್ಯೂಟರ್‌ನಲ್ಲೇ ನೋಡ್ತಾರೆ. ನೀವು ಹೋಗಿ ನಿಮ್ಮ ಮನೆಯವ್ರ ಹತ್ರ ಕೂತ್ಕಳಿ.”

“ಅಂಗಾರೆ ಸರಿ ಬುಡಿ,” ಎಂದು ನೆಮ್ಮದಿಯಾಗಿ ಮೆಟ್ಟಿಲು ಹತ್ತಿದರು.

ರಿಪೋರ್ಟು ಬಂತು. ಕಿಡ್ನಿ ಹೊರಹಾಕಬೇಕಾದ ಪೊಟ್ಯಾಸಿಯಂ ರಕ್ತದಲ್ಲಿ ವಿಪರೀತ ಏರಿತ್ತು. ಅಷ್ಟಾದರೆ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಎಳನೀರಿನಲ್ಲಿ ತುಂಬಿರುವುದೂ ಅದೇ! ತಕ್ಷಣ ಕಂಪ್ಯೂಟರಿಗೆ ಹಾಕಿ, ಕೆಳಗೆ ‘ಎಳನೀರು ಕೊಡಬೇಡಿ’ ಎಂದೂ ಬರೆದೆ. ಕೆಂಪು ಚುಕ್ಕಿ. ವಾರ್ಡಿಗೆ ಫೋನ್ ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ನಾನೇ ಓಡೋಣವೆಂದರೆ, ಹೆರಿಗೆಯಲ್ಲಿ ರಕ್ತ ಹೋಗುತ್ತಿದ್ದ ಹುಡುಗಿಯೊಬ್ಬಳಿಗೆ ರಕ್ತ ಹೊಂದಿಸುವ ಕೆಲಸ ಕೈಯಲ್ಲಿ. ಲ್ಯಾಬಿನಲ್ಲಿ ನಾನೊಬ್ಬಳೇ. “ಅಯ್ಯೋ, ಯಾರಾದ್ರೂ ನೋಡ್ರಪ್ಪಾ, ನಿಮ್ಮ ಕಣ್ಣಿಗೇನಾಗಿದೆ!” ಎಂದು ಪರದೆಗೇ ಬೈದೆ. ಅಳು ಬಂತು.

ರಕ್ತ ಕೊಟ್ಟು ಕಳಿಸಿ ಮೇಲೆ ಓಡಲೆಂದು ಎದ್ದೆ. ನೋಡಿದರೆ ಚುಕ್ಕಿ ಹಸಿರಾಗಿದೆ. ಸದ್ಯ, ನೋಡಿದರಲ್ಲ! ಮತ್ತೆ ಕುರ್ಚಿಯಲ್ಲಿ ಕೂತೆ. ಆರಿಹೋಗಿದ್ದ ಕಾಫಿಯನ್ನೂ ಕುಡಿದೆ.

ಸ್ವಲ್ಪ ಹೊತ್ತಿಗೆ ಆ ರೈತರು ಕಿಟಕಿಗೆ ಬಂದರು.

“ಹೊಂಟೋದ್ಲು ಕಣಕ್ಕಾ.”

ಆಮೇಲೆ ತಿಳಿಯಿತು, ಸಾವಿನ ಕಾಗದ ಬರೆಯಲೆಂದು ವಾರ್ಡಿನಲ್ಲಿ ಯಾರೋ ಆಕೆಯ ರಿಪೋರ್ಟು ತೆರೆದಿದ್ದರು. ಚುಕ್ಕಿ ಹಸಿರಾದದ್ದು ಆಗ.

“ಎರಡು ಎಳನೀರು ಪೂರ್ತಿ ಕುಡುದ್ಲು. ಒಟ್ಟೆ ತಣ್ಣಗಾಯ್ತು ಅಂದ್ಲು. ಆಮ್ಯಾಕೆ ಉಸ್ರು ಎಳ್ಕಳಾಕೆ ಸುರು ಮಾಡುದ್ಲು. ಡಾಕ್ಟ್ರು ನೋಡ್ತಾರೆ ಅಂತ ನೀವು ಹೇಳಿದ್ರಲ್ಲ, ನಾನು ಅಲ್ಲೀವರ್ಗೂ ಯಾರ್ನೂ ಕೇಳಾಕೆ ಹೋಗ್ಲಿಲ್ಲ.”

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಚೀಲದಲ್ಲಿ ಉಳಿದಿದ್ದ ಒಂದು ಎಳನೀರನ್ನು ತೆಗೆದು ಕಿಟಕಿಯೊಳಗೆ ನೀಡಿದರು. “ಇನ್ಯಾರಿಗೆ ತಗಂಡೋಗ್ಲಿ? ನೀವು ಕುಡೀರಕ್ಕಾ. ಒಳ್ಳೇದು.”

ಎರಡೂ ಕೈ ಚಾಚಿ ಈಸಿಕೊಂಡೆ.