ಎರಡನೇ ಚೊಂಬು ನೀರು

ಅತ್ತೆಯ ಸೀರೆಗೆ ಮೊಣಕಾಲಿನ ಜಾಗದಲ್ಲಿ ಎರಡು ಮಣ್ಣಿನ ಗುರುತು ಇದ್ದೇ ಇರುತ್ತಿದ್ದವು. ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಮದುವೆಮನೆಗೆ ಬಂದರೂ ಅಷ್ಟೇ.

ನಮ್ಮಪ್ಪನ ಅಕ್ಕ ಅವರು, ಕಡ್ಡಿರಾಂಪುರದಲ್ಲಿ ಒಕ್ಕಲುತನ. ಬರಗಾಲಕ್ಕೆ ಯಾವ ಹೊಲ ತಾಳುತ್ತದೆಂದು ರೈತರೇ ಪರೀಕ್ಷಿಸಿಕೊಳ್ಳುವುದನ್ನು ಯಾರೋ ಊರಿಗೆ ಬಂದು ಕಲಿಸಿಹೋಗಿದ್ದರು. ಉಳಿದವರು ಚಾ ಕುಡಿದು ಮರೆತರು, ಅತ್ತೆ ಮರೆಯಲಿಲ್ಲ. ಬಾಯಿ, ತಳ ಎರಡೂ ಕತ್ತರಿಸಿ ತೆಗೆದ ಡಾಲ್ಡಾ ಡಬ್ಬಿಯನ್ನು ನೆಲಕ್ಕೆ ಬಡಿದು ಕೂರಿಸಿ, ಒಂದು ಚೊಂಬು ನೀರು ಸುರಿದು, ಇಂಗುವ ತನಕ ಕಾಯುವರು. ಆಮೇಲೆ ಇನ್ನೊಂದು ಚೊಂಬು.

“ಮೊದಲ್ನೇದನ್ನ ಯಾವ ಒಣಾ ನೆಲಾನೂ ಕುಡೀತೈತಿ. ಎರಡ್ನೇದೂ ಕುಡದ್ರ ಅದು ಹೊಲ,” ಎನ್ನುವರು.

ಅದಿರಿನ ಸುಗ್ಗಿಯ ಕಾಲದಲ್ಲಿ ನನಗೆ ಸಂಡೂರು ಕಡೆಯ ಗಂಡಿನ ಮಾತು ಬಂತು. ಅವರಪ್ಪ ರಸ್ತೆ ಪಕ್ಕದ ಹೊಲವನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಕೊಟ್ಟು ಹೊಸ ಮನೆ ಕಟ್ಟಿಸಿದ್ದರು. ಮನೆ ನೋಡಲು ಹೋದ ನಮ್ಮವರೆಲ್ಲ ಟೈಲ್ಸ್ ನೋಡುತ್ತಿದ್ದರೆ, ಅತ್ತೆ ಚೀಲದಿಂದ ಡಬ್ಬಿ ತೆಗೆದು ಹೊಲಕ್ಕೆ ನಡೆದರಂತೆ. ನಮ್ಮಪ್ಪನಿಗೆ ಭೂಮಿ ಬಾಯಿಬಿಡಬಾರದೆ ಎನಿಸಿರಬೇಕು.

ಲಾರಿಗಳು ತುಳಿದ ನೆಲ, ಮೊದಲ ಚೊಂಬಿನ ನೀರೇ ಇಂಗದೆ ನಿಂತಿತು. ಬೀಗರು ನಕ್ಕು ಒಳಗೆ ಹೋದರು. ಮದುವೆಯ ಹುಡುಗ ಮಾತ್ರ ಡಬ್ಬಿಯ ಪಕ್ಕ ಕುಳಿತುಬಿಟ್ಟ.

“ಇದು ಮತ್ತ ಕುಡೀತೈತೇನ್ರಿ?”

“ಕುಡಸ್ಬೇಕಪ್ಪಾ. ರಾಶಿ ತಗಸು. ಸೆಣಬು ಬಿತ್ತಿ, ಬೆಳದದ್ದನ್ನ ಅಲ್ಲೇ ಮಣ್ಣಾಗ ಕೊಳಸು. ಜಲ್ದಿ ಆಗೂದಲ್ಲ.”

ಆ ಹುಡುಗನೇ ನನ್ನ ಗಂಡ. ಇದನ್ನು ಇವತ್ತಿಗೂ ನಗುತ್ತ ಹೇಳುತ್ತಾರೆ. ಅವತ್ತು ಅತ್ತೆ ವಾಪಸು ಬಂದವರೇ ನನಗೆ ಹೇಳಿದ್ದು ಇಷ್ಟು: “ನೆಲ ಕೆಟ್ಟೈತಿ, ಹುಡುಗ ಭಾಳ ಛಲೋ ಅದಾನ. ಒಪ್ಗೋಳವ್ವಾ.”

ಒಪ್ಪಿದೆ. ಮದುವೆಯಾದ ಮೇಲೆ ಇವರು ಹಟ ಹಿಡಿದು ಬಾಡಿಗೆ ಬಿಡಿಸಿದರು. ಮಾವ ಮಾತು ಬಿಟ್ಟರು, ಊರು ನಕ್ಕಿತು. ಪ್ರತಿವರ್ಷ ಮುಂಗಾರಿಗೆ ಮುಂಚೆ ಅತ್ತೆ ಡಬ್ಬಿ ಹಿಡಿದು ಬರುವರು. ಪ್ರತಿವರ್ಷ ನೀರು ನಿಲ್ಲುವುದು. ಒಮ್ಮೆ ನಾನು ರೇಗಿಯೇಬಿಟ್ಟೆ. ಅತ್ತೆ ಮಣ್ಣು ಝಾಡಿಸಿಕೊಂಡು, “ಸಿಟ್ಟು ಮಾಡ್ಬ್ಯಾಡ, ಸೆಣಬಿನ ಬೀಜ ತಂದೀನಿ,” ಎಂದರು.

ಕೊನೆಯ ವರ್ಷ ಕಾಯಿಲೆ ಬಿದ್ದು ಬರಲಾಗಲಿಲ್ಲ. ಡಬ್ಬಿ ಕಳಿಸಿ, ಫೋನು ಮಾಡಿದರು. ನಾನು ಮೊದಲ ಚೊಂಬು ಸುರಿದು ಹೊಲದಲ್ಲೇ ಇದ್ದೆ.

“ಕುಡೀತೇನು?”

“ಕುಡೀತು ಅತ್ತಿ! ಪೂರಾ ಕುಡೀತು!” ನನಗೆ ಅಳು ಬಂದಿತ್ತು.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. “ಇನ್ನೊಂದು ಚೊಂಬು ಹಾಕು. ಹಾಕಿ ಹೇಳು.”

ಹಾಕಿದೆ. ಇವರೂ ಬಂದು ಪಕ್ಕ ಕುಳಿತರು. ನಿಧಾನಕ್ಕೆ ಅದೂ ಇಂಗಿತು. ಅಷ್ಟರಲ್ಲಿ ಲೈನು ಕಟ್ಟಾಗಿತ್ತು. ಭಾನುವಾರ ಹೋಗಿ ಎದುರಿಗೇ ಹೇಳಿದರಾಯಿತು ಅಂದುಕೊಂಡೆ.

ಶನಿವಾರವೇ ಅತ್ತೆ ಹೋಗಿಬಿಟ್ಟರು.