ಏಡಾ ಒರೆಸಿದ ವಿಮಾನ

"ಏಡಾ ಟಿಬಲ್ಸ್ ಒರೆಸಿದ ನೆಲಕ್ಕೆ ಬೆಕ್ಕು ಕೂಡ ಅಪ್ಪಣೆ ಕೇಳಿಯೇ ಕಾಲಿಡುತ್ತೆ" ಎಂದು ಥೇಮ್ಸ್ ದಂಡೆಯ ಕಿಂಗ್‌ಸ್ಟನ್ನಿನ ನಮ್ಮ ಬೀದಿಯವರು ಆಡಿಕೊಳ್ಳುತ್ತಿದ್ದರು. ಆಕೆಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು.

ಹನ್ನೊಂದು ವರ್ಷ ಲಾಂಡ್ರಿಯ ಕುದಿನೀರಿನಲ್ಲಿ ಕೈ ಬೇಯಿಸಿಕೊಂಡ ಮೇಲೆ ಅವಳಿಗೆ ವಿಮಾನದ ಕಂಪನಿಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತ್ತು. ಕಂಪನಿ ಎಂದರೆ ಏನು, ಮುಚ್ಚಿಹೋಗಿದ್ದ ಸ್ಕೇಟಿಂಗ್ ಹಾಲ್, ಇಪ್ಪತ್ತು ಬಡಗಿಗಳು, ಅಷ್ಟೇ. ನಕ್ಷೆಗಾರ ಗಾಸ್ಲಿಂಗ್ ಸಾಹೇಬರಿಗೆ ಕಾಗದದ ಗೊಡವೆಯೇ ಇರಲಿಲ್ಲ. ನುಣುಪಾದ ಹಲಗೆ ನೆಲದ ಮೇಲೆ ಇಡೀ ವಿಮಾನವನ್ನು ಪೂರ್ತಿ ಅಳತೆಯಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಬಡಗಿಗಳು ಗೆರೆಯ ಮೇಲೆ ಮರವಿಟ್ಟು ಅಳತೆ ಹಿಡಿಯುತ್ತಿದ್ದರು.

೧೯೧೩ರಲ್ಲಿ ಒಂದು ದಿನ ಮ್ಯಾನೇಜರು, "ನಾಳೆ ಸೇನೆಯೋರು ಬರ್ತಾರೆ, ನೆಲ ಕನ್ನಡಿ ಹಾಗಿರ್ಬೇಕು" ಎಂದರು. ಏಡಾ ಕನ್ನಡಿಯನ್ನೇ ಮಾಡಿಟ್ಟಳು.

ಬೆಳಿಗ್ಗೆ ಗಾಸ್ಲಿಂಗ್ ಬಾಗಿಲಲ್ಲೇ ನಿಂತುಬಿಟ್ಟರು. "ಮಿಸೆಸ್ ಟಿಬಲ್ಸ್, ನನ್ನ ವಿಮಾನ ಎಲ್ರೀ?"

"ಬಕೆಟ್ಟಲ್ಲಿದೆ ಸಾರ್."

ಬಡಗಿಗಳು ಗೊಳ್ಳೆಂದರು. ಮ್ಯಾನೇಜರು ನಗಲಿಲ್ಲ. "ನಾಳೆಯಿಂದ ನೀವು ಬರೋದು ಬೇಡ."

ಏಡಾಳ ಕಣ್ಣಮುಂದೆ ಲಾಂಡ್ರಿಯ ಹಬೆ ಎದ್ದಿತು. "ಹೋಗ್ತೀನಿ ಸಾರ್. ಆದ್ರೆ ಹತ್ತು ದಿನ ಮಂಡಿಯೂರಿ ಆ ಗೆರೆ ಬಿಟ್ಟೂ ಬಿಟ್ಟೂ ಒರೆಸಿದೋಳು ನಾನು. ಎಡ ರೆಕ್ಕೆ ತುದಿ ಕಿಟಕಿಯಿಂದ ಏಳನೇ ಹಲಗೆ, ಎರಡನೇ ಮೊಳೆ. ಬರ್ಕೊಳ್ಳಿ."

ಅವಳು ಹೇಳುತ್ತಾ ಹೋದಳು, ಗಾಸ್ಲಿಂಗ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತಾ ಹೋದರು. "ವಿಮಾನದ ಸೊಂಟ ಇನ್ನೂ ಸಣ್ಣ ಸಾರ್. ಇಲ್ಲಿ ಎರಡು ಗೆರೆ ಮಧ್ಯೆ ನನ್ನ ಬಕೆಟ್ಟು ಹಿಡೀತಿರ್ಲಿಲ್ಲ."

ಮೊದಲೇ ಕೊಯ್ದಿಟ್ಟಿದ್ದ ರೆಕ್ಕೆ ತುದಿಯ ಬಾಗುಮರವನ್ನು ಒಬ್ಬ ಬಡಗಿ ತಂದು ಗೆರೆಯ ಮೇಲಿಟ್ಟ. ಕೂದಲೆಳೆಯಷ್ಟೂ ಆಚೀಚೆಯಾಗಲಿಲ್ಲ.

ಮ್ಯಾನೇಜರು ಕೆಮ್ಮಿದರು. "ನಾಳೆ ಸ್ವಲ್ಪ ಬೇಗ ಬನ್ನಿ."

ಮರುವರ್ಷ ಯುದ್ಧ ಬಂತು. ಹಾಲ್ ಸಾಲದೆ ಥೇಮ್ಸ್ ದಂಡೆಯಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ವಾರಕ್ಕೆ ಹತ್ತಾರು ವಿಮಾನ ಹೊರಬಿದ್ದವು. ಯುದ್ಧ ಮುಗಿದಾಗ ಅರ್ಧ ಜನ ಮನೆಗೆ ಹೋದರು. ಆಮೇಲೆ ವಿಮಾನದ ಮೈಗೆ ಮರ, ಬಟ್ಟೆ ಹೋಗಿ ಲೋಹ ಬಂತು. ನಕ್ಷೆ ಬರೆಯುವ ನೆಲದ ಒಡತಿಯಾಗಿ ಏಡಾ ಮಾತ್ರ ಉಳಿದೇ ಉಳಿದಳು. ಬೂಟು ಕಳಚದೆ ಮಾಲೀಕರನ್ನೂ ಒಳಗೆ ಬಿಡುತ್ತಿರಲಿಲ್ಲ.

ಕೊನೆಗೆ ಕಂಪನಿ ಊರಾಚೆಯ ಬಯಲಿಗೆ ಹೊರಟಿತು. ಏಡಾಳಿಗೂ ಅಲ್ಲೇ ಇರಲು ಒಂದು ಕೊಠಡಿ ಕೊಟ್ಟರು.

"ಅರವತ್ತೆರಡಾಯ್ತಲ್ಲೇ ಏಡಾ, ಇನ್ನಾದ್ರೂ ಮನೇಲಿ ಕೂರಬಾರ್ದಾ?" ಎಂದಳು ಪಕ್ಕದ ಮನೆಯ ನಮ್ಮಮ್ಮ.

"ಕೂರ್ತೀನಿ ಕಣೇ. ಮೊದ್ಲು ಆ ಹೊಸ ಹುಡುಗ್ರಿಗೆ ಗೆರೆ ತುಳೀದೆ ನಡೆಯೋದು ಕಲಿಸ್ಬೇಕು."

ಕಂಪನಿಯ ಲಾರಿ ಬಂದು ನಿಂತಿತು. ಏಡಾ ಟೋಪಿ ಸರಿಮಾಡಿಕೊಂಡು, ಮನೆಯ ಬೀಗದ ಕೈಯನ್ನು ಅಮ್ಮನ ಅಂಗೈಯಲ್ಲಿಟ್ಟು, ಡ್ರೈವರನ ಪಕ್ಕ ಹತ್ತಿ ಕುಳಿತಳು.